ನೆನೆದ ಮದ್ದು

ಸಕ್ಕರೆ ಕಮ್ಮಿ, ಕೇಳದೆಯೇ ಕಮ್ಮಿ ಹಾಕಿದ್ದಾಳೆ, ಅವನ ಲೋಟಕ್ಕೆ ಮಾತ್ರ, ನನ್ನ ಕಾಫಿ ಪಾಯಸದ ಹಾಗಿದೆ, ಎಮರ್ಜೆನ್ಸಿ ಮುಗಿದ ವರ್ಷ ಮದುವೆಯಾದದ್ದು, ನನಗೆ ಎಷ್ಟು ಸಿಹಿ ಬೇಕೆಂದು ಸಾವಿತ್ರಿಗೆ ಇವತ್ತಿಗೂ ತಿಳಿಯದು, ಈ ಷಡಕ್ಷರಿಯದು ಮಾತ್ರ ಬಾಯಿಪಾಠ — ಯಗಟಿ ಬಸ್ಸಿನ ಹಾರ್ನ್ ಕೇಳಿದ್ದೇ ತಡ ಸೆರಗಿಗೆ ಕೈ ಒರೆಸಿಕೊಂಡು ಓಡಿಬಂದಳಲ್ಲ, ಅಣ್ಣ ಬಂದ, ಅಣ್ಣ ಬಂದ, ಯಾವ ಸೀಮೆ ಅಣ್ಣ, ನನಗಿಂತ ಮೊದಲು ಅವಳನ್ನು ನೋಡಲು ಬಂದ ಗಂಡು ಇವನು, ಒಪ್ಪಿಗೆಯೂ ಆಗಿತ್ತು, ಮಾತುಕತೆಗೆ ಕೂತಾಗ ಎರಡೂ ಮನೆಯ ಬೆಡಗು, ಗೋತ್ರವಿದ್ದ ಹಾಗೆ, ಒಂದೇ ಎಂದು ಹಿರಿಯರಿಗೆ ಗೊತ್ತಾಯಿತು, ಒಂದೇ ಬೆಡಗಿನವರು ಒಡಹುಟ್ಟಿದವರ ಲೆಕ್ಕ, ಸಂಬಂಧ ಮುರಿಯಿತು, ಅಂದಿನಿಂದ ಅಣ್ಣ ತಂಗಿ, ಅಷ್ಟು ಸಲೀಸಾಗಿ, ಮನಸ್ಸು ಬೆಡಗು ಕೇಳಿಕೊಂಡು ಹೋಗುತ್ತದೆಯೇ, ಪ್ರತಿ ಗೌರಿ ಹಬ್ಬಕ್ಕೂ ಬಾಗಿನ ತರುತ್ತಾನೆ, ಅವನು ತಂದ ಹಸಿರು ಸೀರೆಯನ್ನೇ ಉಟ್ಟಿದ್ದಾಳೆ, ನಾನು ತಂದದ್ದು ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿದೆ. ಹೊಟ್ಟೆ ಉರಿಯುತ್ತದೆ, ಬಾಯಿಬಿಟ್ಟರೆ ನನಗೇ ಅವಮಾನ, ಭಾಮೈದನ ಮೇಲೆ ಅನುಮಾನವೇ ಸೋಮಶೇಖರಪ್ಪ ಎಂದು ಕಡೂರಿಗೆ ಕಡೂರೇ ನಗುತ್ತದೆ.

ಲೈಸೆನ್ಸ್ ರಿನ್ಯೂವಲ್ ಎಂದು ಕಚೇರಿಗೆ ಕೋವಿ ತಂದವನು ಮದ್ದಿನ ಡಬ್ಬಿಯನ್ನೂ ತಂದಿದ್ದ, ಖಾಲಿ ತೋಟಾಕ್ಕೆ ಮದ್ದು, ಸೀಸದ ಚರೆ ತುಂಬಿಕೊಡುವುದು ನನ್ನ ಕಸುಬು, ಭಾವ, ಅಟ್ಟ ಸೋರಿ ಮದ್ದು ಒಂಚೂರು ನೆಂದಿತ್ತು, ಮೊರದಾಗೆ ಹಾಕಿ ಒಣಗ್ಸೀನಿ, ನಡೀತದಲ್ವಾ, ಬೆರಳಲ್ಲಿ ತಿಕ್ಕಿ ನೋಡಿದೆ, ಹೆಂಟೆ ಹೆಂಟೆ, ಮೇಲೆ ಬೂಷ್ಟಿನ ಹಾಗೆ ಬಿಳಿ ಪುಡಿ, ಮದ್ದಿಗೆ ಬೆರೆಸಿದ ಪೆಟ್ಲುಪ್ಪು ಕರಗಿ ಹೊರಗೆ ಬಂದುಬಿಟ್ಟಿದೆ, ಒಣಗಿಸಿದರೆ ಒಣಗುತ್ತದೆ, ಹದ ಮಾತ್ರ ಮತ್ತೆ ಕೂಡುವುದಿಲ್ಲ, ಬೇರೆ ಯಾರಾದರೂ ತಂದಿದ್ದರೆ ಬೈದು ಕಳಿಸುತ್ತಿದ್ದೆ, ಅಷ್ಟರಲ್ಲಿ ಇವಳು ಹಿತ್ತಿಲಿನಿಂದ, ಅಣ್ಣಾ, ತೆಂಗಿನ ಮರದಾಗೆ ಕೋತಿ ಕಣೋ, ಒಂದು ಹೊಡೆದು ಹೆದರ್ಸು, ಇವರ ಕೂಗಿಗೆ ಒಂದೂ ಅಲ್ಲಾಡಲ್ಲ — ನಡೀತದೆ ಬಿಡಪ್ಪಾ ಅಂದೆ, ನಾನೇ ಅಂದೆ, ಅದೇ ಮದ್ದಿನಲ್ಲಿ ಎರಡು ತೋಟಾ ತುಂಬಿಕೊಟ್ಟೆ, ಟುಸ್ ಎನ್ನಲಿ, ಅವಳ ಎದುರಿಗೇ ಟುಸ್ ಎನ್ನಲಿ, ದೊಡ್ಡ ಕೋವಿ ಯಜಮಾನ, ಅವನ ಮುಖ ಇಷ್ಟಾಗುವುದನ್ನು ನೋಡಬೇಕು ಅನ್ನಿಸಿತು, ಅಷ್ಟೇ, ಅದಕ್ಕಿಂತ ಹೆಚ್ಚು ಏನೂ ಬಯಸಲಿಲ್ಲ.

ಟುಸ್ ಎಂದಿತು. ಕೋತಿಗಳು ಕದಲಲಿಲ್ಲ, ಅವಳು ನಕ್ಕಳು, ಆದರೆ ನಾನು ಎಣಿಸಿದ ನಗು ಅಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಗು, ಅಣ್ಣಾ, ನಿನ್ನ ಕೋವಿಗೆ ನೆಗಡಿ ಆಗೈತೆ, ಅವನೂ ನಗುತ್ತಿದ್ದಾನೆ, ನನ್ನ ಜೊತೆ ಒಂದು ದಿನ ಹೀಗೆ ನಕ್ಕಿದ್ದಾಳೆಯೇ, ನೆನಪಿಲ್ಲ, ಇಲ್ಲ — ತಡಿ, ಚರೆ ಎಲ್ಲಿ, ಗರಿ ಅಲುಗಲಿಲ್ಲ, ಹೆಂಚಿನ ಮೇಲೆ ಒಂದು ಕಾಳೂ ಉದುರಿದ ಸದ್ದಿಲ್ಲ, ಹೊರಗೆ ಬಂದೇ ಇಲ್ಲ, ನಳಿಗೆಯೊಳಗೇ ಕೂತಿದೆ, ಎಮ್ಮೆದೊಡ್ಡಿಯ ದೊಡ್ಡಬೀರಪ್ಪನ ಕೋವಿಯದೂ ಹೀಗೆಯೇ ಅಲ್ಲವೇ, ಅವನೇ ಹೇಳಿದ್ದ, ಮೊದಲನೆಯದು ಟುಸ್ ಅಂತು ಸೋಮಣ್ಣ, ಇನ್ನೊಂದು ಹಾಕ್ದೆ, ಮೊದಲಿನ ಚರೆ ಮುಂದೆ ದಾರಿ ಕಟ್ಟಿತ್ತು, ನಳಿಗೆ ಸೀಳಿ ಎಡಗೈ ಹೋಯ್ತು, ಈಗ ಟವೆಲ್ಲಿನ ಗಂಟನ್ನು ಹಲ್ಲಿನಲ್ಲಿ ಬಿಗಿಯುತ್ತಾನೆ ಆ ಮನುಷ್ಯ, ಇತ್ತ ಷಡಕ್ಷರಿ ಕೋವಿಯನ್ನು ಕೀಲಿನಲ್ಲಿ ಮಡಿಸಿ ತೆರೆದು ಖಾಲಿ ತೋಟಾ ಕಿತ್ತ, ಇನ್ನೊಂದು ಹಾಕಿದ, ಟಕ್ ಎಂದು ಕೂಡಿಸಿದ, ತಂಗೀ, ನನ್ನ ಕೈಗುಣ ಸರಿ ಇಲ್ಲ, ಈ ಸಲ ನೀನೇ ಹೊಡಿ, ಅವಳು ಸೆರಗು ಸಿಕ್ಕಿಸಿಕೊಂಡು ಕೋವಿಗೆ ಕೈ ಚಾಚಿದಳು, ಬೇಡ ಕಣೇ ಅಂದೆ, ಕೂಗಿಯೇ ಅಂದೆ, ಅವಳು ತಿರುಗಲೂ ಇಲ್ಲ, ಅಯ್ಯೋ ನಿಮ್ದು ಯಾವಾಗ್ಲೂ ಇದೇ ಗೋಳು ಕಣ್ರೀ, ಅಣ್ಣನ ಹತ್ರ ನಿಂತ್ರೂ ತಪ್ಪು — ಅದಲ್ಲ, ಇವತ್ತು ಅದಲ್ಲ ಸಾವಿತ್ರಿ, ಹಾಗಾದರೆ ಏನು, ಹೇಳಬೇಕು, ಮದ್ದು ಕೆಟ್ಟಿದೆ, ಗೊತ್ತಿದ್ದೂ ತುಂಬಿದೆ, ಇಷ್ಟು ಹೇಳಿದರೆ ಸಾಕು, ಹೇಳಿದ ಮೇಲೆ ಅವಳು ನನ್ನ ಕಡೆ ಹೇಗೆ ನೋಡುತ್ತಾಳೆ, ಜನ್ಮ ಇರುವವರೆಗೂ ಹೇಗೆ ನೋಡುತ್ತಾಳೆ, ಹಿಂಗೆ ಹಿಡ್ಕೋ, ಇನ್ನೂ ಮುಂದಕ್ಕೆ, ಅವನು ಅವಳ ಕೈಯನ್ನು ಸರಿಮಾಡುತ್ತಿದ್ದಾನೆ, ಅವನ ಬೆರಳು ಬಳೆಗೆ ತಾಗಿತು, ಥೂ, ಈಗಲೂ ನನ್ನ ಕಣ್ಣು ಅಲ್ಲಿಗೇ ಹೋಯಿತು, ಕೂಗು, ಕೂಗೋ, ಎಡಗೈ, ನಳಿಗೆಯ ಕೆಳಗೆ ಎಡಗೈ, ಅವಳ ಎಡಗೈ