ಕಚ್ಚಿದ ಕಜ್ಜಾಯ

"ಮುಟ್ಬ್ಯಾಡ ಅಂದ್ನಲ್ಲ! ಮುಚ್ಚಳ ತೆಗೀಬ್ಯಾಡ!"

ದಾಸಯ್ಯ ಕೂಗಿದ್ದಕ್ಕೆ ಹೆಂಡತಿ ಚೆಲುವಮ್ಮನ ಕೈ ಡಬರಿಯ ಮೇಲೇ ನಿಂತಿತು. ಆ ಹಿತ್ತಾಳೆ ಡಬರಿಯನ್ನು ಜಗಲಿಯ ಮೇಲಿಟ್ಟು, ಒಂದು ಮಾತೂ ಆಡದೆ ಹೋದವಳು ದಾಸಯ್ಯನ ಅತ್ತಿಗೆ ಪುಟ್ಟತಾಯಮ್ಮ. ಅಂದಮೇಲೆ ಕಳಿಸಿದವನು ಅಣ್ಣ ಚಾಮಯ್ಯ. ಆರು ತಿಂಗಳಿಂದ ಮುಖ ನೋಡದ ಅಣ್ಣ ಇವತ್ತೇ ಯಾಕೆ ಕಳಿಸಬೇಕು?

ಇವತ್ತು ಭಾನುವಾರ. ಎರಡು ತಿಂಗಳಿಗೊಮ್ಮೆ ಹುಣಸೂರಿನಿಂದ ಪಾದ್ರಿಗಳು ಗಾಡಿಯಲ್ಲಿ ಬಂದು, ತಗಡಿನ ಪ್ರಾರ್ಥನಾಮನೆಯಲ್ಲಿ ಪ್ರಭುಭೋಜನದ ರೊಟ್ಟಿ ಮುರಿಯುವ ದಿನ. ಇವತ್ತೇ ಮಾರ್ನಾಮಿ ಅಮಾವಾಸ್ಯೆ ಬೇರೆ. ಊರಿನ ಉಳಿದ ಮನೆಗಳಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುವ ದಿನ. ಕ್ರೈಸ್ತನಾದ ದಾಸಯ್ಯ ಆ ಎಡೆಯದನ್ನು ಮುಟ್ಟುವಂತಿಲ್ಲ.

"ಎಡೇದು ತಿಂದ ಅಂತ ಸಭೇಲಿ ನನ್ ಮಾನ ಕಳೀಬೇಕು ಅಂತವ್ನೆ. ಇಲ್ದಿದ್ರೆ ಮದ್ದು ಆಕವ್ನೆ. ಅವನ್ ಬುದ್ಧಿ ನಂಗೊತ್ತಿಲ್ವಾ?"

"ಥೂ, ಬುಡ್ತು ಅನ್ನಿ! ಒಡುಟ್ಟಿದೋರು ಕಣ್ರೀ."

ದಾಸಯ್ಯನ ಸಿಟ್ಟು ಊರಿಗೆಲ್ಲ ಗೊತ್ತು. ಯುಗಾದಿ ಕಳೆದ ಮೊದಲ ಉಳುಮೆಯಲ್ಲಿ, ಗೇಣು ಬದುವಿಗಾಗಿ, ಅಣ್ಣನ ಬಲಗೈಗೆ ಬಾರುಕೋಲಿನಿಂದ ಬಾರಿಸಿದ್ದ. ಮುರಿದ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಆಮೇಲೆ ಅಣ್ಣನ ಮನೆಯಿಂದ ಎರಡು ಸೌತೆಕಾಯಿ ಬಂದಾಗ, "ಮದ್ದು ಆಕವ್ನೆ" ಎಂದು ಬೀದಿಯಲ್ಲಿ ನಿಂತು ಅರಚಿ, ಚರಂಡಿಗೆ ಎಸೆದವನೂ ಇವನೇ. ಅಣ್ಣ ಅಮಲ್ದಾರರಿಗೆ ಅರ್ಜಿ ಕೊಡಲಿಲ್ಲ, ತಿರುಗಿ ಬೈಯಲೂ ಇಲ್ಲ. ಅದೇ ದಾಸಯ್ಯನಿಗೆ ದಿಗಿಲು.

"ಅಣ್ಣನ ಜೊತೆ ಸಮಾಧಾನ ಮಾಡ್ಕೊಳ್ದೆ ರೊಟ್ಟಿಗೆ ಕೈ ಚಾಚ್ಬ್ಯಾಡ" ಎಂದು ಊರಿನ ಸಭೆ ನಡೆಸುವ ಉಪದೇಶಿ ಮಂಟಯ್ಯನವರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಆಮೇಲೆ ಪಾದ್ರಿಗಳು ಬಂದ ಎರಡು ಸಲವೂ ದಾಸಯ್ಯ ಹಿಂದಿನ ಸಾಲಿನಲ್ಲಿ ಕೂತು, ಹೆಂಡತಿ ಒಬ್ಬಳೇ ಎದ್ದು ಹೋಗಿ ರೊಟ್ಟಿ ತೆಗೆದುಕೊಳ್ಳುವುದನ್ನು ನೋಡಿದ್ದ. ಅವನಿಗೆ ಅದು ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಹೋದ ಸಲ ಹೊಲದ ಮರೆಯಲ್ಲಿ ನಿಂತು ಅತ್ತಿದ್ದ. ಇವತ್ತೂ ತಪ್ಪಿದರೆ ಸಭೆಯ ಪಟ್ಟಿಯಿಂದ ಹೆಸರನ್ನೇ ತೆಗೆಯುತ್ತಾರಂತೆ.

ಚೆಲುವಮ್ಮ ಮುಚ್ಚಳ ತೆಗೆದೇಬಿಟ್ಟಳು. ಐದು ಕಜ್ಜಾಯ. ಐದನ್ನೂ ಯಾರೋ ಅಂಚಿನಲ್ಲಿ ಕಚ್ಚಿದ್ದರು.

"ಎಂಜಲು!" ದಾಸಯ್ಯನ ಮೈಯೆಲ್ಲ ಉರಿದುಹೋಯಿತು. "ಕಿರಸ್ತಾನ ಆದೆ ಅಂತ ನಾಯಿಗ್ ಆಕ್ದಂಗೆ ಎಂಜಲು ಕಳಿಸವ್ನಾ? ಅವನ್ ಮುಖಕ್ಕೇ ಎಸ್ದು ಬತ್ತೀನಿ, ತಡಿ!"

ಅವನು ಡಬರಿ ಎತ್ತಿಕೊಂಡು ದಾಪುಗಾಲು ಹಾಕಿ ಹೋದ. ಬಾಗಿಲಲ್ಲಿ ಕೂತಿದ್ದ ಚಾಮಯ್ಯ ತಮ್ಮನನ್ನು ಕಂಡದ್ದೇ ಎದ್ದು, ಎರಡು ಹೆಜ್ಜೆ ಹಿಂದೆ ಸರಿದ. ಮೊದಲು ನೋಡಿದ್ದು ತಮ್ಮನ ಮುಖವನ್ನಲ್ಲ, ಕೈಯಲ್ಲಿ ಕೋಲಿದೆಯೇ ಎಂದು.

"ಏನಿದು? ನಿನ್ ಎಂಜಲು ತಿನ್ನೋಕೆ ನಾನೇನ್ ಗತಿಗೆಟ್ಟಿದ್ದೀನಾ?"

"ಎಡೆಗೆ ಎಂಜಲು ಇಡ್ತಾರೇನ್ಲಾ?" ಚಾಮಯ್ಯನ ದನಿಯೂ ಏರಿತು. "ಎಡೇದು ಅಂದ್ರೆ ನೀನು ಮುಟ್ಟಾಕಿಲ್ಲ. ಅದ್ಕೇ ಎಡೆ ಇಡೋಕೆ ಮುಂಚೆ ತೆಗ್ದು ಕಚ್ದೆ. ಒಂದೇ ಕಚ್ಚಿದ್ರೆ ಉಳ್ದಿದ್ರಲ್ಲಿ ಮದ್ದು ಅದೆ ಅಂತೀಯ. ಅದ್ಕೇ ಐದನ್ನೂ ಕಚ್ದೆ. ಇನ್ನೇನ್ ಮಾಡ್ಲಿ ನಾನು, ಏಳು? ಅವ್ವನ್ ದಿನ ಕಣ್ಲಾ. ನಿನ್ ಬುಟ್ಟು ನನ್ ಗಂಟ್ಲಲ್ಲಿ ಇಳೀನಿಲ್ಲ."

ದಾಸಯ್ಯ ಎಸೆಯಲು ತಂದ ಡಬರಿಯನ್ನು ಮೆಲ್ಲಗೆ ಜಗಲಿಯ ಮೇಲಿಟ್ಟ. ಅಣ್ಣನ ಸೊಟ್ಟ ಮಣಿಕಟ್ಟನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ತಾನು ಮಾಡಿದ್ದನ್ನು ನೋಡಿ ನಾಚಿಕೆಯಿಂದ ಹಿಡಿಯಷ್ಟಾದ.

"ತಪ್ಪಾಯ್ತು ಕಣಣ್ಣ."

ಚಾಮಯ್ಯ ಓರೆಗಣ್ಣಿನಿಂದ ನೋಡಿದ. "ಮಂಟಯ್ಯ ಏಳ್ಕೊಟ್ಟು ಕಳಿಸಿದ್ನಾ? ರಾಜಿ ಆಗ್ದಿದ್ರೆ ರೊಟ್ಟಿ ಇಲ್ವಂತಲ್ಲ, ನಂಗೂ ಗೊತ್ತು. ರೊಟ್ಟಿಗೋಸ್ಕರ ಬಂದ್ಯಾ?"

"ಇಲ್ಲ ಕಣಣ್ಣ. ನಿನ್ ಮುಖಕ್ಕೆ ಎಸೆಯಾಕೆ ಬಂದೆ."

ಚಾಮಯ್ಯ ಮೂಗಿನಲ್ಲೇ ನಕ್ಕ. ಆದರೆ ಅನುಮಾನ ಹೋಗಲಿಲ್ಲ. ಅಷ್ಟರಲ್ಲಿ ಪ್ರಾರ್ಥನಾಮನೆಯ ಮುಂದೆ ತೂಗುಹಾಕಿದ್ದ ಕಬ್ಬಿಣದ ತುಂಡು ಢಣ್ ಎಂದಿತು.

"ಗಂಟೆ ಆಯ್ತು, ಓಗು. ನಿನ್ ಕೆಲ್ಸ ಆಯ್ತಲ್ಲ" ಎಂದ ಚಾಮಯ್ಯ, ತಮ್ಮನ ಕಾಲುಗಳನ್ನೇ ನೋಡುತ್ತ.

ದಾಸಯ್ಯ ಒಂದು ಹೆಜ್ಜೆ ಇಟ್ಟೂ ಇಟ್ಟ. ಗಾಡಿ ಬಂದಾಗಿದೆ, ಇನ್ನು ಎರಡು ತಿಂಗಳು ಪಾದ್ರಿಗಳು ಬರುವುದಿಲ್ಲ. ಪಟ್ಟಿ ಬೇರೆ ಇದೆ. ಹೋಗಬೇಕೆಂದು ಜೀವ ಬಡಿದುಕೊಂಡಿತು. ತಿರುಗಿ ನೋಡಿದರೆ ಅಣ್ಣ ಹಾಗೇ ನಿಂತಿದ್ದ, ಹೋಗಿಯೇ ಹೋಗುತ್ತಾನೆ ಎನ್ನುವವನ ಹಾಗೆ.

ದಾಸಯ್ಯ ಬಂದು ಜಗಲಿಯ ಮೇಲೆ ಕೂತುಕೊಂಡ.

ಗಂಟೆ ನಿಂತಿತು. ಹಾಡು ಶುರುವಾಯಿತು. ಚಾಮಯ್ಯ ಬಹಳ ಹೊತ್ತು ಕಾದು, ಕೊನೆಗೆ ಪಕ್ಕದಲ್ಲಿ ಬಂದು ಕೂತ. ದಾಸಯ್ಯ ಕಚ್ಚಿದ ಕಜ್ಜಾಯವೊಂದನ್ನು ಎತ್ತಿಕೊಂಡು ಎರಡಾಗಿ ಮುರಿದ. ಒಂದು ಪಾಲನ್ನು ಅಣ್ಣನ ಸೊಟ್ಟ ಕೈಯಲ್ಲಿಟ್ಟು, ತಾವಾಗಿ ಮಡಿಯದ ಆ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಬೀಳದ ಹಾಗೆ ತನ್ನ ಕೈಯಿಂದ ಹಿಡಿದುಕೊಂಡ.