ಬಿಸಿಲ ಹೂವಿಗೆ ಕೊಟ್ಟ ನೀರು

ಬಾಯಾರಿದವರಿಗೆ ನೀರಿಲ್ಲ ಎನ್ನಬಾರದು ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ಹಿರಿಯರು ಹೇಳದೆ ಬಿಟ್ಟ ಮಾತೂ ಒಂದಿತ್ತು. ಅದು ಹೊಲಿಗೆಯವಳ ಮನೆಗೆ ಬಂದು ಕೂತಿತ್ತು.

ಅವಳ ಗಂಡ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಹೃದಯ ಸೋತು ಆಸ್ಪತ್ರೆ ಸೇರಿ, ಉಳಿದು ಬಂದಿದ್ದ. "ಮೈಯಲ್ಲಿ ನೀರು ನಿಂತ್ರೆ ಎದೆಗೇರುತ್ತೆ. ದಿನಕ್ಕೆ ಒಂದು ಚೊಂಬು. ಅದರ ಮೇಲೆ ಒಂದು ಗುಟುಕೂ ಬೇಡಮ್ಮ" ಎಂದು ಡಾಕ್ಟರು ಕಳಿಸಿಕೊಟ್ಟಿದ್ದರು.

ಅಂದಿನಿಂದ ಅಡುಗೆಮನೆಗೆ ಬೀಗ, ಬೀಗದ ಕೈ ಅವಳ ಸೊಂಟದಲ್ಲಿ. ಅವನು ಸ್ನಾನಕ್ಕೆ ಹೋದರೂ ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವನು ಮೊದಲು ಬೇಡಿದ, ಆಮೇಲೆ ಬಯ್ದ.

"ಹಗೆಯವರಿಗೂ ಯಾರೂ ಹೀಗೆ ಮಾಡಲ್ಲ ಕಣೇ."

"ಹಗೆಯವರಾಗಿದ್ರೆ ಕೊಡ ತುಂಬಾ ಕೊಡ್ತಿದ್ದೆ, ಸುಮ್ನಿರಿ" ಎಂದು ಅವಳು ಮಿಷನ್ನು ತುಳಿಯುತ್ತಿದ್ದಳು. ತುಳಿತುಳಿತಕ್ಕೂ ದೇವರ ಹೆಸರು. ಬಾಯಾರಿಕೆಯನ್ನೂ ನೀನೇ ಕೊಟ್ಟೆ, ನೀರನ್ನೂ ನೀನೇ ಕೊಟ್ಟೆ, ನಡುವೆ ನನ್ನನ್ನೇಕೆ ಗೋಡೆಯಾಗಿ ಕಟ್ಟಿದೆಯಪ್ಪಾ ಎಂದು ಒಳಗೊಳಗೇ ಕೇಳುತ್ತಿದ್ದಳು.

ಹೀಗಿರುವಾಗ ಮನೆಗೆ ಕಾಡುಹೂವು ಬಂತು. ಅವಳು ಹೊಲಿದ ಬಟ್ಟೆ ಕೊಡಲು ಹೋಗಿದ್ದಾಗ ಗಂಡನ ಅಕ್ಕ ಬಂದು, ಗುಡ್ಡದ ಬಂಡೆ ಸಂದಿಯಲ್ಲಿ ಆಯ್ದ ಬೀಜವನ್ನು ತಮ್ಮನಿಗೆ ಕೊಟ್ಟು ಹೋಗಿದ್ದಳು. ಹಿತ್ತಿಲಲ್ಲಿ ದಿನವಿಡೀ ಬಿಸಿಲು ಬೀಳುವ ಗೋಡೆಯ ಬುಡದಲ್ಲಿ ಅವನೇ ಅದನ್ನು ಬಿತ್ತಿದ. ಮೊಳಕೆ ಕಂಡ ದಿನ, ಅಪರೂಪಕ್ಕೆ ಮೆತ್ತಗೆ ಕೇಳಿದ:

"ನನಗೆ ಬೇಡ ಬಿಡು. ಗಿಡಕ್ಕಾದ್ರೂ ಒಂದು ಕ್ಯಾನು ನೀರು ಕೊಡ್ತೀಯಾ?"

ಅವಳಿಗೆ ಕಣ್ಣು ತುಂಬಿತು. ಗಿಡಕ್ಕೆ ನೀರು ಹಾಕುವ ಉದ್ದ ಮೂತಿಯ ಕ್ಯಾನನ್ನು ಕಂಠದವರೆಗೆ ತುಂಬಿಸಿ ಕೊಟ್ಟಳು. ಆಮೇಲೆ ಬೆಳಿಗ್ಗೆ ಒಂದು, ಸಂಜೆ ಒಂದು. ಅವನು ನೀರು ಬೇಡುವುದು ನಿಂತಿತು, ಬೈಗುಳವೂ ನಿಂತಿತು. ಒಣಗಿದ್ದ ಕೆನ್ನೆ ತುಂಬಿಕೊಂಡಿತು. ಹೂವು ಗಂಡನನ್ನು ಉಳಿಸಿತು ಎಂದು ಅವಳು ದೇವರಿಗೆ ದೀಪ ಹಚ್ಚಿದಳು.

ಚಪ್ಪಲಿ ಕಾಲಿಗೆ ಹಿಡಿಯುತ್ತಿಲ್ಲವಲ್ಲ ಎಂದು ಅವಳು ಕೇಳಿದಾಗ ಅವನು, "ಬಿಸಿಲಿಗೆ ಕುಗ್ಗಿದೆ ಕಣೇ, ಚಪ್ಪಲಿಗೂ ವಯಸ್ಸಾಗುತ್ತೆ" ಎಂದು ನಕ್ಕ. ಅವಳೂ ನಕ್ಕಳು. ಮಲಗುವಾಗ ಒಂದು ದಿಂಬು ಸಾಲದೆ ಎರಡು ಬೇಕಾಯಿತು. ಬರಬರುತ್ತಾ ಗೋಡೆಗೊರಗಿ ಕೂತೇ ನಿದ್ದೆ ಮಾಡತೊಡಗಿದ. ಅದಕ್ಕೂ ಅವಳು ಸೆಖೆಯನ್ನೇ ದೂರಿದಳು.

ಹೂವು ಬಿಟ್ಟ ಸುದ್ದಿ ಕೇಳಿ ಅತ್ತಿಗೆ ಬಂದಳು. ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದಳು. ಬೂದು ರೋಮದ ಎಲೆ, ಎದೆಯೆತ್ತರದ ಕಡ್ಡಿ, ತುದಿ ತುಂಬಾ ಹಳದಿ.

"ಪರವಾಗಿಲ್ವೇ, ಬಂಡೆ ಮೇಲಿರೋದಕ್ಕಿಂತ ಸೊಂಪಾಗಿದೆ. ನೀರು ಮುಟ್ಟಿಸಿಲ್ಲ ತಾನೇ?"

"ಮುಟ್ಟಿಸೋದೇನು ಅತ್ತಿಗೆ, ನಿಮ್ಮ ತಮ್ಮ ಎರಡು ಹೊತ್ತೂ ಕ್ಯಾನುಗಟ್ಟಲೆ ಹುಯ್ತಾರೆ. ನಾನು ಕಟ್ಟಿಕೊಂಡವಳು, ಅದು ಇಟ್ಟುಕೊಂಡವಳು."

ಅತ್ತಿಗೆ ನಗಹೊರಟವಳು ಅರ್ಧಕ್ಕೇ ನಿಂತಳು.

"ಮೊಳಕೆ ಬಂದ್ಮೇಲೆ ಇದಕ್ಕೆ ಹಾಗೆ ನೀರು ಹಾಕಿದ್ರೆ ಬೇರು ಕೊಳೆತು ಸಾಯುತ್ತೆ ಕಣೇ. ಬೀಜ ಕೊಡುವಾಗ್ಲೇ ಅವನಿಗೆ ಹೇಳಿದ್ನಲ್ಲ, ಬಿಸಿಲೇ ಇದಕ್ಕೆ ಊಟ ಅಂತ."

"ನಾನೇ ತುಂಬಿಸಿ ಕೊಡ್ತೀನಿ. ದಿನಾ ಖಾಲಿ ಮಾಡ್ಕೊಂಡೇ ಬರ್ತಾರೆ."

ಇಬ್ಬರೂ ಗಿಡವನ್ನೇ ನೋಡಿದರು. ಒಂದು ಎಲೆಯೂ ಬಾಡಿರಲಿಲ್ಲ. ಹೊಲಿಗೆಯವಳು ಇಳಿದು ಹೋಗಿ ಬುಡಕ್ಕೆ ಬೆರಳು ತೂರಿಸಿದಳು. ಮಣ್ಣು ಕಾದ ಹಂಚಿನಂತಿತ್ತು. ಬೆರಳಿಗೆ ಬರೀ ಧೂಳು ಹತ್ತಿತು. ಅವಳು ಎದ್ದು ಗಿಡವನ್ನು ಬಳಸಿ ಹೋದಳು.

ಅವನು ಹೂಗಳ ಆಚೆ, ಅವಳ ಹೊಲಿಗೆಯ ಕಿಟಕಿಗೆ ಕಾಣದ ಮೂಲೆಯಲ್ಲಿ, ಬೆನ್ನು ಹಾಕಿ ಕೂತಿದ್ದ. ಅವಳು ಆಗತಾನೇ ಕೊಟ್ಟ ಕ್ಯಾನಿನ ಮೂತಿ ಅವನ ಬಾಯಲ್ಲಿತ್ತು. ಗಂಟಲು ಏರಿಳಿಯುತ್ತಿತ್ತು. ಹೆಜ್ಜೆ ಸದ್ದಿಗೆ ತಿರುಗಿದ. ಮುಖದಲ್ಲಿ ನಾಚಿಕೆ ಇರಲಿಲ್ಲ. ಹಾಲು ಕುಡಿದ ಕೂಸಿನ ತೃಪ್ತಿ ಇತ್ತು.

"ಎದ್ದೇಳ್ರಿ."

"ಆಗ್ತಿಲ್ಲ ಕಣೇ. ಬೆಳಿಗ್ಗೆಯಿಂದ ಕಾಲು ನನ್ನದಲ್ಲ ಅನ್ಸುತ್ತೆ."

ಅವಳು ಅವನ ಕಣಕಾಲು ಒತ್ತಿ ನೋಡಿದಳು. ಹಿಟ್ಟಿನ ಮುದ್ದೆಯಲ್ಲಿ ಮೂಡಿದಂತೆ ಹೆಬ್ಬೆರಳ ಗುಂಡಿ ಮೂಡಿತು. ಕಾದಳು. ಗುಂಡಿ ಮುಚ್ಚಲಿಲ್ಲ.

"ಗಾಡಿ ತರ್ತೀನಿ, ಅವನನ್ನ ಮಲಗಿಸಬೇಡ" ಎಂದು ಅತ್ತಿಗೆ ಬರಿಗಾಲಲ್ಲೇ ಬೀದಿಗೆ ಓಡಿದಳು.

ಹೊಲಿಗೆಯವಳು ಕ್ಯಾನನ್ನು ಕಿತ್ತುಕೊಂಡು ಉಳಿದದ್ದನ್ನು ನೆಲಕ್ಕೆ ಸುರಿದಳು. ಮಣ್ಣು ಅದನ್ನು ಒಂದೇ ಉಸಿರಿಗೆ ಹೀರಿಕೊಂಡಿತು. ನೆಲದ ಒದ್ದೆ ಕಲೆ ಚಿಕ್ಕದಾಗುವುದನ್ನು ಅವನು ಕಣ್ಣು ಮಿಟುಕಿಸದೆ ನೋಡಿದ. ಅವಳು ಹಿಂದೆ ಕೂತು ಅವನನ್ನು ಎದೆಗೆ ಒರಗಿಸಿಕೊಂಡಳು. ಅವನ ಬೆನ್ನೊಳಗೆ, ಮುಚ್ಚಿದ ಪಾತ್ರೆಯಲ್ಲಿ ಕುದಿಯುವಂಥ ಗುಳುಗುಳು ಸದ್ದು ಅವಳ ಎದೆಗೇ ತಾಗುತ್ತಿತ್ತು.

"ಇನ್ನೊಂದೇ ಗುಟುಕು" ಎಂದ ಅವನು, ಮಾತಿಗೊಂದು ಉಸಿರು ತೆಗೆದು. "ನಿನ್ನ ಕೈಯಾರೆ ಕೊಟ್ಟದ್ದು... ಅದರ ರುಚಿಯೇ ಬೇರೆ."

ದೇವರ ಹೆಸರು ಅವಳ ನಾಲಿಗೆಗೆ ಬರಲಿಲ್ಲ. ಅವನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು, ಬೀದಿಯಲ್ಲಿ ಗಾಡಿಯ ಸದ್ದಿಗೆ ಕಿವಿಗೊಟ್ಟು ಕೂತಳು.