ಟ್ಯೂಬಿನ ಬಿಲ್ಲೆ, ಸುಬ್ರಾಯನ ಉಸಿರು

ಹೊಳೆಯಲ್ಲಿ ಪಂಪಿನ ಕೊಳವೆ ತುದಿಯ ಫುಟ್‌ವಾಲ್ವ್ ಕಸ ಕಟ್ಟಿಕೊಂಡರೆ ನಿಮ್ಮೂರಲ್ಲಿ ಯಾರನ್ನು ಕರೆಯುತ್ತೀರಿ? ಬಾವಿಗೆ ತಾಮ್ರದ ಕೊಡ ಬಿದ್ದರೆ? ನರಸಿಂಹರಾಜಪುರದ ಕಡೆಯವರು ಮೊನ್ನೆ ಮೊನ್ನೆಯವರೆಗೂ ಒಂದೇ ಹೆಸರು ಹೇಳುತ್ತಿದ್ದರು: ಸುಬ್ರಾಯ. ಅಂಗಿ ಕಳಚಿ ದಡದ ಮೇಲಿಟ್ಟು, ಬಾಯಲ್ಲಿದ್ದ ಕವಳ ಉಗಿದು, ಒಂದು ಉಸಿರು ಎಳೆದುಕೊಂಡು ಮುಳುಗಿದನೆಂದರೆ ದಡದಲ್ಲಿ ನಿಂತವರಿಗೇ ಎದೆ ಬಿಗಿಯುತ್ತಿತ್ತು. ಆಮೇಲೆ ನಗುತ್ತಾ ಮೇಲೆ ಬರುತ್ತಿದ್ದ.

ಈಗ ಅದೇ ಸುಬ್ರಾಯ ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಸುಂದರೇಶನ ಅಂಗಡಿಗೆ ನಡೆಯಬೇಕಾದರೆ ಎರಡು ಕಡೆ ಕೂರಬೇಕು. ಅದು ಹೇಗಾಯಿತು ಎಂಬುದೇ ಈ ಕಥೆ. ಎಲ್ಲರಿಗೂ ಹೇಳಿ ಎಂದವನು ಸುಂದರೇಶನೇ. ತಪ್ಪು ನನ್ನದು ಅಂತಲೂ ಸೇರಿಸಿ ಎಂದಿದ್ದಾನೆ.

ಸುಂದರೇಶನದು ರಿಪೇರಿ ಅಂಗಡಿ. ತೋಟಕ್ಕೆ ಔಷಧಿ ಹೊಡೆಯುವ ಪಂಪು, ಗ್ಯಾಸ್ ಒಲೆ, ಮಿಕ್ಸಿ, ಏನು ತಂದರೂ ಆಗುತ್ತದೆ. ಪಾರ್ಟ್ ಸಿಗಲಿಲ್ಲ ಎಂಬ ಮಾತು ಅವನ ಬಾಯಲ್ಲಿ ಬಂದದ್ದಿಲ್ಲ. ಒಂದರದ್ದನ್ನು ಇನ್ನೊಂದಕ್ಕೆ ಕೂರಿಸಿ, ಉಜ್ಜಿ, ಕೊರೆದು, ಓಡಿಸಿ ಕೊಡುತ್ತಿದ್ದ. ನಾಲ್ಕು ಜನ ಹೊಗಳಿದಾಗ ಸ್ವಲ್ಪ ಉಬ್ಬುತ್ತಲೂ ಇದ್ದ. ಯಾರು ತಾನೇ ಉಬ್ಬುವುದಿಲ್ಲ?

ಔಷಧಿ ಪಂಪಿನ ಸೀಸನ್ ಮುಗಿದು ಕೈ ಖಾಲಿಯಿದ್ದ ದಿನಗಳವು. ಒಂದು ಬೆಳಿಗ್ಗೆ ಸುಬ್ರಾಯ ಗೋಣಿಚೀಲ ಹೊತ್ತು ಬಂದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು.

"ಎಂತ ಮಾರಾಯ ಇದು? ಹಾರ್ಮೋನಿಯಂ ಪೈಪಾ?" ಎಂದು ಸುಂದರೇಶ ನಕ್ಕ.

ಚೀಲದಲ್ಲಿದ್ದದ್ದು ಅಂಗೈಯಗಲದ ಒಂದು ಹಿತ್ತಾಳೆ ಡಬ್ಬಿ, ಅದರ ಎರಡೂ ಕಡೆಯಿಂದ ಹೊರಟ ಸುಕ್ಕು ಸುಕ್ಕಾದ ರಬ್ಬರ್ ಕೊಳವೆಗಳು, ನಡುವೆ ಬಾಯಲ್ಲಿ ಕಚ್ಚಿ ಹಿಡಿಯುವ ತುಂಡು. ಮಂಗಳೂರಿನ ಗುಜರಿಯಲ್ಲಿ ಸಿಕ್ಕಿದ ರೆಗ್ಯುಲೇಟರ್. ಐವತ್ತು ವರ್ಷ ಹಳೆಯದಿರಬೇಕು. ಗ್ಯಾಸ್ ಒಲೆಗೆ ರೆಗ್ಯುಲೇಟರ್ ಇದ್ದ ಹಾಗೆಯೇ ಇದೂ. ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರಿನ ಗಾಳಿಯನ್ನು ಹದ ಮಾಡಿ, ನೀರಿನಡಿಯಲ್ಲಿರುವವನ ಬಾಯಿಗೆ ಕೊಡುತ್ತದೆ.

"ಒಳಗಿನ ರಬ್ಬರು ಪುಡಿಪುಡಿ ಆಗ್ಯದೆ. ನಿನ್ನ ಕೈಲಿ ಆಗ್ತದನ?"

"ನನ್ನ ಕೈಲಿ ಆಗ್ದೆ ಇರೋದು ಎಂತ ಇದೆ ಹೇಳು. ವಯಸ್ಸಾಯ್ತಲ್ಲ ನಿಂಗೂ, ಇನ್ನೆಷ್ಟು ದಿನ ದಮ್ಮು ಕಟ್ಟಿ ಮುಳುಗ್ತೀಯ? ಇದ್ರಲ್ಲಿ ಆರಾಮಾಗಿ ಉಸಿರಾಡ್ತಾ ಕೆಲಸ ಮಾಡ್ಬಹುದು."

ಈ ಮಾತನ್ನು ತಾನೇ ಆಡಿದ್ದು ಸುಂದರೇಶನಿಗೆ ಇವತ್ತಿಗೂ ನೆನಪಿದೆ. ಸುಬ್ರಾಯ ಕೇಳಿದ್ದು ಆಗುತ್ತದೆಯೇ ಎಂದಷ್ಟೆ. ಆಸೆ ಹತ್ತಿಸಿದವನು ಇವನು.

ಹಿತ್ತಾಳೆಯ ಹಸಿರು ಕಿಲುಬನ್ನು ಹುಣಸೆಹುಳಿ ಹಾಕಿ ಉಜ್ಜಿದ. ಸ್ಪ್ರಿಂಗುಗಳನ್ನು ಬಿಚ್ಚಿ ತೊಳೆದ. ಡಬ್ಬಿಯ ನಡುವೆ ಒಂದು ತೆಳು ರಬ್ಬರ್ ಬಿಲ್ಲೆ ಇರುತ್ತದೆ. ಉಸಿರು ಎಳೆದಾಗ ಅದು ಒಳಗೆ ಬಗ್ಗಿ ಗಾಳಿಯ ಬಾಗಿಲು ತೆರೆಯುತ್ತದೆ. ಬಿಲ್ಲೆಯ ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಎರಡನ್ನೂ ಬೇರೆ ಮಾಡಿರುವುದು ಅದೊಂದೇ. ಹಳೆಯ ಬಿಲ್ಲೆ ಬೆರಳು ತಾಗಿಸಿದರೆ ಉದುರುತ್ತಿತ್ತು. ಸುಂದರೇಶ ಲಾರಿಯ ಹಳೇ ಟ್ಯೂಬಿನಿಂದ ಹೊಸದನ್ನು ಕತ್ತರಿಸಿದ.

ಆಗಲೇ ಅಂಗಡಿಗೆ ಬಂದವರು ಹರಿಹರಪುರದ ಜಯಪ್ರಕಾಶಣ್ಣ. ನೌಕಾಪಡೆಯಲ್ಲಿ ಮುಳುಗುವ ಕೆಲಸ ಮಾಡಿ ನಿವೃತ್ತರಾದವರು. ಮಿಕ್ಸಿಯ ಜಾರು ಕೊಡಲು ಬಂದವರು ಬೆಂಚಿನ ಮೇಲಿದ್ದದ್ದನ್ನು ನೋಡಿ ನಿಂತುಬಿಟ್ಟರು.

"ಸುಂದರೇಶ, ಇದನ್ನ ನೀರಿಗೆ ಹಾಕ್ತಾರಾ?"

"ಹೌದಣ್ಣ. ಸುಬ್ರಾಯಂಗೆ."

"ಬೇಡ ಮಾರಾಯ. ನೀ ಉಜ್ಜಿದ್ದು ಚಂದ ಆಗಿದೆ, ಗಾಜಿನ ಪೆಟ್ಟಿಗೇಲಿ ಇಟ್ಟು ನೋಡೋಕೆ ಲಾಯ್ಕುಂಟು. ಉಸಿರಾಡೋಕಾದ್ರೆ ಇದಕ್ಕೆ ಅಂತ್ಲೇ ಮಾಡಿದ ರಬ್ಬರ್ ಬೇಕು. ಇದನ್ನೇ ಸರ್ವಿಸ್ ಮಾಡೋರು ಇದ್ದಾರೆ, ಒತ್ತಡ ಅಳೆದು ನೋಡಿ ಕೊಡ್ತಾರೆ. ವಿಳಾಸ ನಾ ಕೊಡ್ತೀನಿ. ಒಂದೂವರೆ ತಿಂಗಳು ಕಾಯ್ಬೇಕು, ಅಷ್ಟೆ."

"ಔಷಧಿ ಪಂಪಿಗೆ ಇದೇ ಟ್ಯೂಬ್ ಹಾಕಿದ್ದು ಎರಡು ವರ್ಷದಿಂದ ಓಡ್ತಾ ಇದೆಯಲ್ಲಣ್ಣ."

"ಪಂಪು ಕೈ ಕೊಟ್ರೆ ಮತ್ತೆ ನಿನ್ನ ಅಂಗಡಿಗೆ ಬರ್ತದೆ. ಇದು ಕೈ ಕೊಟ್ರೆ ಸುಬ್ರಾಯ ಎಲ್ಲಿಗೆ ಬರೋದು?"

ಮೂಲೆಯಲ್ಲಿ ಕೂತಿದ್ದ ಸುಬ್ರಾಯನಿಗೂ ಅವರು ಹೇಳಿದರು. "ನೀ ನಾಲ್ಕು ದಿನ ನನ್ನ ಹತ್ರ ಬಾ. ದಮ್ಮು ಕಟ್ಟಿ ಮುಳುಗೋದೇ ಬೇರೆ, ಸಿಲಿಂಡರ್ ಗಾಳೀಲಿ ಮುಳುಗೋದೇ ಬೇರೆ. ಮೊದಲ ಪಾಠ ಅಲ್ಲಿಂದ್ಲೇ ಶುರು. ಆಮೇಲೆ ಸರಿಯಾದ ತರಬೇತಿಗೆ ಕಳಿಸ್ತೀನಿ."

"ನಂಗೆ ಮುಳುಗೋದು ಕಲಿಸ್ತೀರಾ ಅಣ್ಣ?" ಸುಬ್ರಾಯ ಜೋರಾಗಿ ನಕ್ಕ. ಸುಂದರೇಶನೂ ನಕ್ಕ. ಜಯಪ್ರಕಾಶಣ್ಣ ಮಿಕ್ಸಿ ಜಾರು ಅಲ್ಲೇ ಬಿಟ್ಟು ಹೋದರು.

ಟ್ಯೂಬಿನ ಬಿಲ್ಲೆ ಸ್ವಲ್ಪ ಗಡುಸಾಗಿತ್ತು. ಮೆತ್ತಗಾಗಲಿ ಎಂದು ಸುಂದರೇಶ ಅದಕ್ಕೆ ಕೊಬ್ಬರಿ ಎಣ್ಣೆ ಸವರಿದ. ಪಂಪಿನ ವಾಷರಿಗೆ ಅವನು ಯಾವಾಗಲೂ ಮಾಡುವುದು ಅದನ್ನೇ. ಮಂಗಳೂರಿನಿಂದ ಗಾಳಿ ತುಂಬಿಸಿ ತಂದ ಸಿಲಿಂಡರಿಗೆ ಅದನ್ನು ಸಿಕ್ಕಿಸಿ, ಅಂಗಡಿಯ ಹಿಂದಿನ ತೊಟ್ಟಿಯಲ್ಲಿ ಸುಬ್ರಾಯ ತಲೆ ಮುಳುಗಿಸಿ ಕಾಲು ಗಂಟೆ ಕೂತ. ಎದ್ದು ಬಂದು ಹೆಬ್ಬೆರಳು ತೋರಿಸಿದ. ಆಮೇಲೆ ಎರಡು ಸಲ ಹೊಳೆಗೂ ಇಳಿದ. ಏನೂ ಆಗಲಿಲ್ಲ. ಅದೇ ದೊಡ್ಡ ಮೋಸವಾಯಿತು.

ಸಂಕ್ರಾಂತಿಯ ಮರುವಾರ ಭದ್ರಾ ಹಿನ್ನೀರಿನಲ್ಲಿ ಒಬ್ಬರ ಪಂಪ್‌ಸೆಟ್ ತೇಲುವ ಡ್ರಮ್ಮಿನಿಂದ ಜಾರಿ ಮುಳುಗಿತು. ಮೂವತ್ತು ಅಡಿ ನೀರು. ಎತ್ತಿಕೊಡಲು ಸುಬ್ರಾಯನನ್ನೇ ಕರೆದರು. ಸುಬ್ರಾಯನ ಹೆಂಡತಿ ದಾಕ್ಷಾಯಣಮ್ಮ ಸುಂದರೇಶನನ್ನೇ ಕೇಳಿದರು.

"ಇಷ್ಟು ಆಳಕ್ಕೆ ಇವ್ರು ಹೋದೋರಲ್ಲ. ಆ ಮಿಷನ್ನು ನೀವೇ ನೋಡಿದ್ದಲ್ವ?"

"ನಾನೇ ಅತ್ತಿಗೆ. ಧೈರ್ಯವಾಗಿರಿ."

"ನೀವು ನೋಡಿದ್ರೆ ಸಾಕು ಬಿಡಿ" ಎಂದು ಅವರು ಕಾಫಿ ಕೊಟ್ಟರು.

ಸುಬ್ರಾಯನ ಸೊಂಟಕ್ಕೆ ಕಟ್ಟಿದ ಹಗ್ಗ ದಡದಲ್ಲಿ ಸುಂದರೇಶನ ಕೈಯಲ್ಲಿತ್ತು. ಗುಳ್ಳೆಗಳು ಒಂದೇ ಸಮನೆ ಬರುತ್ತಿದ್ದವು. ಹತ್ತು ನಿಮಿಷವಾಗಿರಬಹುದು. ಇದ್ದಕ್ಕಿದ್ದ ಹಾಗೆ ಗುಳ್ಳೆ ನಿಂತಿತು, ಹಗ್ಗ ಸಡಿಲವಾಯಿತು. ಸುಂದರೇಶ ಎಳೆಯುವ ಮೊದಲೇ ಸುಬ್ರಾಯ ನೀರು ಸೀಳಿಕೊಂಡು ಮೇಲೆ ಬಂದ. ಕೆನ್ನೆ ಉಬ್ಬಿತ್ತು, ಬಾಯಿ ಬಿಗಿಯಾಗಿ ಮುಚ್ಚಿತ್ತು. ಬಾಯಿ ತೆರೆದಾಗ ಬಂದದ್ದು ಕೆಂಪು ನೊರೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಶ್ವಾಸಕೋಶ ಹರಿದಿದೆ ಎಂದರು. ಜೀವ ಉಳಿಯಿತು. ಮೊದಲಿನ ಉಸಿರು ಮರಳಲಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಕೂತು ಜಯಪ್ರಕಾಶಣ್ಣ ಡಬ್ಬಿಯನ್ನು ಬಿಚ್ಚಿದರು. ಕಾದ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಬಿಲ್ಲೆ ಉಬ್ಬಿ, ಅಂಚು ಏರಿಳಿದು, ಅದನ್ನು ಹಿಡಿದಿದ್ದ ಹಿತ್ತಾಳೆ ಬಳೆಯಿಂದ ಜಾರಿತ್ತು.

"ಕೊಬ್ಬರಿ ಎಣ್ಣೆ ಹಚ್ಚಿದ್ಯಾ?"

ಸುಂದರೇಶ ಹೌದೆಂದು ತಲೆಯಾಡಿಸಿದ.

"ಟ್ಯೂಬಿನ ರಬ್ಬರು ಎಣ್ಣೆ ಕುಡೀತದೆ. ಹಚ್ಚಿದ ದಿನ ಮೆತ್ತಗಿರ್ತದೆ, ದಿನ ಕಳೆದ ಹಾಗೆ ಊದ್ತದೆ. ತೊಟ್ಟೀಲಿ ನೋಡಿದಾಗ ಸರಿಯೇ ಇತ್ತು, ಸುಳ್ಳಲ್ಲ. ಮೊನ್ನೆ ಅಂಚು ಜಾರಿ ಬಾಯಿಗೆ ನೀರು ಬಂತು."

"ನೀರು ಬಂದದ್ದಕ್ಕೆ ಎದೆ ಹರೀತಾ ಅಣ್ಣ?"

"ಇಲ್ಲ. ನೀರು ಬಂದ ಕೂಡ್ಲೇ ಸುಬ್ರಾಯ ಎಂತ ಮಾಡಿದ? ಹುಟ್ಟಿದಾಗಿಂದ ಮಾಡಿದ್ದನ್ನೇ ಮಾಡಿದ. ದಮ್ಮು ಕಟ್ಟಿ ಮೇಲೆ ಹಾರಿದ. ನೀರಿನಡಿ ಎಳ್ಕೊಂಡ ಗಾಳಿ ಒತ್ತಿದ ಗಾಳಿ. ಮೇಲೆ ಬಂದ ಹಾಗೆ ಎದೆಯೊಳಗೆ ಹಿಗ್ತದೆ. ಸಿಲಿಂಡರ್ ಗಾಳೀಲಿ ಹೋದೋನು ಯಾವತ್ತೂ ದಮ್ಮು ಕಟ್ಟಬಾರದು, ಉಸಿರು ಬಿಡ್ತಾ ಬಿಡ್ತಾ ನಿಧಾನ ಬರ್ಬೇಕು. ಮೊದಲ ದಿನದ ಪಾಠ ಅದು."

ತಾವಿಬ್ಬರೂ ನಕ್ಕಿದ್ದು ಆ ಪಾಠಕ್ಕೆ. ಸುಂದರೇಶ ಅಲ್ಲೇ ಮುಖ ಮುಚ್ಚಿಕೊಂಡು ಅತ್ತ. ಸುಬ್ರಾಯನ ಹೆಸರು ಇಡೀ ಊರಿಗೆ ಗೊತ್ತಾದದ್ದು ಅವನ ದಮ್ಮಿನಿಂದ. ಅದರಿಂದಲೇ ಅವನ ಎದೆ ಹರಿಯಿತು. ಆ ಯಂತ್ರ ಕೈಗೆ ಕೊಟ್ಟವನು ತಾನು. ದಾಕ್ಷಾಯಣಮ್ಮ ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಅವರು ಬೈಯಲಿಲ್ಲ. ಆಮೇಲೆ ಎಷ್ಟೋ ದಿನ ಅವನ ಕಡೆ ನೋಡಲೂ ಇಲ್ಲ.

ಎರಡು ತಿಂಗಳ ಮೇಲೆ ಸುಬ್ರಾಯ ಅಂಗಡಿಗೆ ಬಂದ. ಸುಂದರೇಶ ಆ ಬಿಲ್ಲೆಯನ್ನು ಒಲೆಗೆ ಹಾಕಬೇಕೆಂದು ತೆಗೆದಿಟ್ಟಿದ್ದ.

"ಬೇಡ" ಎಂದ ಸುಬ್ರಾಯ. ಈಗ ಅವನ ಮಾತು ತುಂಡು ತುಂಡು. "ಬಾಗಿಲಲ್ಲಿ... ತೂಗುಹಾಕು. ಬಂದೋರು... ಕೇಳ್ತಾರೆ."

ಕೇಳುವವರು ಬಂದೇ ಬಂದರು. ಕಳೆದ ತಿಂಗಳು ಶೃಂಗೇರಿಯಿಂದ ವಿಜಯ್ ಎಂಬ ಯುವಕ ಇಂಥದೇ ಹಳೆಯ ರೆಗ್ಯುಲೇಟರ್ ಹಿಡಿದು ಬಂದ.

"ನೀವು ಟ್ಯೂಬಲ್ಲೇ ಬಿಲ್ಲೆ ಮಾಡಿ ಕೊಡ್ತೀರಂತೆ. ಒಂದೇ ಸಲ ಇಳಿದು ನೋಡ್ತೀನಿ ಸಾರ್, ಜಾಸ್ತಿ ಆಳ ಇಲ್ಲ. ಎಂತ ಆಗ್ತದೆ?"

ಸುಂದರೇಶ ಬಾಗಿಲಲ್ಲಿ ತೂಗುತ್ತಿದ್ದ ಬಿಲ್ಲೆ ತೋರಿಸಿದ. ವಿಜಯ್‌ಗೆ ಅರ್ಥವಾಗಲಿಲ್ಲ. ಆಗ ಬೆಂಚಿನಲ್ಲಿ ಕೂತಿದ್ದ ಸುಬ್ರಾಯ ಎದ್ದು ನಾಲ್ಕು ಹೆಜ್ಜೆ ನಡೆದು ಬಂದು, ಕಂಬ ಹಿಡಿದು ನಿಂತ. ಮಾತು ಹೊರಡಲು ಎಷ್ಟೋ ಹೊತ್ತು ಬೇಕಾಯಿತು.

"ನಾನೂ... ಹಾಗೇ ಕೇಳಿದ್ದು... ತಮ್ಮ."

ವಿಜಯ್ ತನ್ನ ರೆಗ್ಯುಲೇಟರನ್ನು ವಾಪಸು ಎತ್ತಿಕೊಂಡ. ಹೋಗುವಾಗ ಸರ್ವಿಸ್ ಮಾಡುವವರ ವಿಳಾಸ ಬರೆದುಕೊಂಡ. ಮೊದಲು ತರಬೇತಿ, ಆಮೇಲೆ ನೀರು ಎಂದು ಮಾತು ಕೊಟ್ಟ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ರಿಪೇರಿಯ ಕೈಚಳಕ ದೊಡ್ಡದೇ. ಆದರೆ ಉಸಿರು ಕೊಡುವ ಯಂತ್ರಕ್ಕೆ ಟ್ಯೂಬು, ಪಂಪಿನ ವಾಷರು, ಅಡುಗೆಮನೆಯ ಎಣ್ಣೆ ಹಾಕಬೇಡಿ. ಅದಕ್ಕೆಂದೇ ಮಾಡಿದ ಬಿಡಿಭಾಗ ಹಾಕಿಸಿ, ಬಲ್ಲವರಿಂದ ಒತ್ತಡ ಅಳೆಸಿ. ಭಾಗ ಸಿಗದಿದ್ದರೆ ಅದು ಕಪಾಟಿನಲ್ಲೇ ಇರಲಿ. ಒಮ್ಮೆ ತೊಟ್ಟಿಯಲ್ಲಿ ಸರಿ ಇತ್ತು ಎಂಬುದನ್ನು ನಂಬಬೇಡಿ. ತರಬೇತಿ ಇಲ್ಲದೆ ಸಿಲಿಂಡರ್ ಬೆನ್ನಿಗೆ ಕಟ್ಟಬೇಡಿ, ಎಷ್ಟೇ ಈಜು ಬರಲಿ. ನೀರಲ್ಲಿ ಯಾರಿಗಾದರೂ ಆಪತ್ತಾದರೆ 112ಕ್ಕೆ ಫೋನ್ ಮಾಡಿ.

ಈಗ ಸುಬ್ರಾಯನ ಬಸ್ಸು ಬರುವ ಹೊತ್ತಿಗೆ ಸುಂದರೇಶ ಅಂಗಡಿಯ ಬಾಗಿಲು ಎಳೆದು ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತಿರುತ್ತಾನೆ. ಇಬ್ಬರೂ ಜೊತೆಗೆ ನಡೆದು ಬರುತ್ತಾರೆ. ಸುಬ್ರಾಯ ಎರಡು ಕಡೆ ಕೂರುತ್ತಾನೆ. ಸುಂದರೇಶನೂ ಪಕ್ಕದಲ್ಲಿ ಕೂತು, ಅವನ ಉಸಿರು ಮರಳುವವರೆಗೆ ಕಾಯುತ್ತಾನೆ.